ನೂರ ಹನ್ನೆರಡನೇ ಸಾಲು

ನನ್ನ ಅಂಗಡಿಗೆ ಬರುವವರೆಲ್ಲ ಕೈಯಲ್ಲಿ ಏನಾದರೊಂದು ಕಾಗದ ಹಿಡಿದೇ ಬರುತ್ತಾರೆ. ಆಧಾರ್ ಜೆರಾಕ್ಸು, ಪಹಣಿ, ಮದುವೆ ಕರೆಯೋಲೆಯ ಕರಡು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಹನ್ನೆರಡು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ, ಬಂದವರ ಮುಖಕ್ಕಿಂತ ಕೈ ನೋಡುವ ಅಭ್ಯಾಸವಾಗಿಬಿಟ್ಟಿದೆ. ಈ ವರ್ಷ ಸಂಕ್ರಾಂತಿ ಕಳೆದು ವಾರಕ್ಕೆ ಮುನಿರಾಮಯ್ಯನವರು ಬಂದಾಗ ಅವರ ಕೈಯಲ್ಲಿದ್ದದ್ದು ಮಾತ್ರ ಒಂದು ಪೆನ್ ಡ್ರೈವ್. ಕಂಕುಳಲ್ಲಿ ಒಂದು ಹಳೇ ಉದ್ದ ನೋಟ್‌ಬುಕ್ ಇತ್ತು.

"ಪದ್ಮ, ನಿಂಗೆ ಮ್ಯಾಕ್ರೋ ಬರೆಯೋಕೆ ಬರುತ್ತೇನಮ್ಮ?" ಎಂದರು.

ಅರವತ್ತಾರು ವರ್ಷದ, ಏಳನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹಾಕಿದ ಮನುಷ್ಯ. ಎಕ್ಸೆಲ್ಲಿಗೆ ಬರೆಯುವ ಪುಟ್ಟ ಪ್ರೋಗ್ರಾಮಿಗೆ ಮ್ಯಾಕ್ರೋ ಎನ್ನುತ್ತಾರೆ, ಆ ಮಾತು ಅವರ ಬಾಯಲ್ಲಿ ಕೇಳಿ ನನಗೆ ನಗು ಬಂತು. ಬರುತ್ತದೆ ಎಂದೆ. ಪೂರ್ತಿ ಬರುವುದಿಲ್ಲ ಎಂದು ಆಮೇಲೆ ಇಬ್ಬರಿಗೂ ಗೊತ್ತಾಯಿತು, ಅದು ಬೇರೆ ವಿಷಯ.

ಮುನಿರಾಮಯ್ಯ ಯಾರು ಎಂದು ಹೇಳಬೇಕಾದರೆ ನಮ್ಮ ಮನೆಯ ಹಳೇ ದಿನಗಳಿಂದಲೇ ಶುರು ಮಾಡಬೇಕು. ಈಗ ನನ್ನ ಅಂಗಡಿ ಇರುವ ಜಾಗದ ಹಿಂದೆ ಆಗ ನಮ್ಮಪ್ಪ ಗೋಪಾಲಪ್ಪನವರ ಮಗ್ಗದ ಶೆಡ್ ಇತ್ತು. ಆರು ಪವರ್‌ಲೂಮ್. ಬೆಳಗ್ಗೆ ಕರೆಂಟು ಬಂದರೆ ಮನೆಯ ಗೋಡೆಗಳೆಲ್ಲ ನಡುಗುತ್ತಿದ್ದವು, ಗೂಟಕ್ಕೆ ಹಾಕಿದ ನನ್ನ ಸ್ಕೂಲ್ ಬ್ಯಾಗ್ ಕೂಡ. ಆ ಸದ್ದಿನಲ್ಲೇ ಓದಿದೆವು, ಆ ಸದ್ದಿನಲ್ಲೇ ಜಗಳವಾಡಿದೆವು. ನಾವು ಈಗಲೂ ಗಟ್ಟಿಯಾಗಿ ಮಾತಾಡುವುದು ಅದಕ್ಕೇ. ನನ್ನನ್ನು ಕಟ್ಟಿಕೊಂಡವರಿಗೆ ಇದನ್ನು ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು.

ಸೀರೆಯ ಅಂಚಿನಲ್ಲಿ ಹೂವು ಬಳ್ಳಿ ಏಳಬೇಕಾದರೆ ಮಗ್ಗದ ಮೇಲೆ ರಟ್ಟಿನ ಕಾರ್ಡುಗಳ ಮಾಲೆ ಸುತ್ತಬೇಕು. ಒಂದೊಂದು ಕಾರ್ಡಿನಲ್ಲೂ ಇನ್ನೂರ ನಲವತ್ತು ಜಾಗ. ತೂತು ಇದ್ದ ಕಡೆ ದಾರ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಎಲ್ಲಿ ತೂತು ಹೊಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಚೌಕಚೌಕದ ಗ್ರಾಫ್ ಹಾಳೆಯಲ್ಲಿ ಇರುತ್ತದೆ. ಇದು ಇಬ್ಬರ ಕೆಲಸ. ಒಬ್ಬರು ಹಾಳೆ ನೋಡಿ ಕೂಗಬೇಕು, ಇನ್ನೊಬ್ಬರು ಹೊಡೆಯಬೇಕು. ನಮ್ಮ ಶೆಡ್ಡಿನಲ್ಲಿ ಹೊಡೆಯುತ್ತಿದ್ದವರು ಮುನಿರಾಮಯ್ಯ, ಕೂಗುತ್ತಿದ್ದವರು ಬೈರಮ್ಮ.

ಮುನಿರಾಮಯ್ಯನವರದು ಘಾಟಿ ಪಕ್ಕದ ಹಳ್ಳಿ. ಹದಿನಾಲ್ಕಕ್ಕೇ ಮಗ್ಗದ ಕೆಲಸಕ್ಕೆಂದು ಪೇಟೆಗೆ ಬಂದು, ನೇಯುವುದು ಒಗ್ಗದೆ, ಯಾರದೋ ಪಕ್ಕ ಕೂತು ಕಾರ್ಡ್ ಹೊಡೆಯುವುದನ್ನು ಕಲಿತರು. ಅವರ ಕೈ ಕೆಲಸಕ್ಕೆ ಬೀದಿಯವರೇ ಬಿರುದು ಕೊಟ್ಟಿದ್ದರು. ತೂತು ತಪ್ಪದ ಮುನಿರಾಮಯ್ಯ. ಅಂಗಡಿಯವನ ಹತ್ತಿರ ಉಪ್ಪು ಕೇಳುವಾಗಲೂ ಆ ಬಿರುದು ಅವರ ಮುಂದೆ ಮುಂದೆ ನಡೆಯುತ್ತಿತ್ತು. ಅವರಿಗೂ ಅದು ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಎಂದು ನನ್ನ ಅಭಿಪ್ರಾಯ.

ಬೈರಮ್ಮ ಸಾಸಲು ಕಡೆಯವರು, ಬೇಸಾಯದ ಮನೆಯವರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿ ಬಿಟ್ಟಿ ಅನ್ನ ತಿನ್ನುವುದಿಲ್ಲ ಎಂದು ಪೇಟೆಗೆ ಬಂದವರು. ಓದಿದ್ದು ನಾಲ್ಕನೇ ಕ್ಲಾಸ್. ಗ್ರಾಫ್ ಹಾಳೆಯನ್ನು ಡಿಸೈನಿನವನು ಎರಡು ದಿನಕ್ಕೆ ಮಾತ್ರ ಕೊಡುತ್ತಿದ್ದ, ವಾಪಸ್ ಕೊಡಬೇಕಿತ್ತು. ಆದ್ದರಿಂದ ಆಕೆ ಅದನ್ನೆಲ್ಲ ನೋಟ್‌ಬುಕ್ಕಿಗೆ ಸಾಲುಸಾಲಾಗಿ ಇಳಿಸಿಕೊಳ್ಳುತ್ತಿದ್ದರು. ಎರಡು ಬಿಡು, ಮೂರು ಹೊಡಿ, ಐದು ಬಿಡು, ಹೀಗೆ. ಕನ್ನಡ ಅಂಕಿ, ತಮ್ಮದೇ ಗುರುತು. ಆ ಪುಸ್ತಕ ನಮ್ಮಪ್ಪನಿಗೂ ಅರ್ಥವಾಗುತ್ತಿರಲಿಲ್ಲ. ಓದಲು ಬರುತ್ತಿದ್ದದ್ದು ಇಬ್ಬರಿಗೇ, ಬರೆದ ಬೈರಮ್ಮನಿಗೆ ಮತ್ತು ಹನ್ನೊಂದು ವರ್ಷ ಪಕ್ಕದಲ್ಲಿ ಕೂತ ಮುನಿರಾಮಯ್ಯನವರಿಗೆ.

ಆ ಕೂಗನ್ನು ನೆನೆಸಿಕೊಂಡರೆ ಈಗಲೂ ನನ್ನ ಎದೆ ಹಗುರಾಗುತ್ತದೆ. ಕರೆಂಟು ಹೋದಾಗ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ಆಗ ಶೆಡ್ಡಿನ ಮೂಲೆಯಿಂದ ಆಕೆಯ ದನಿಯೊಂದೇ ಕೇಳುತ್ತಿತ್ತು. "ಲಾಭ ಬಿಡು, ನಾಕು ಹೊಡಿ, ಎರಡು ಬಿಡು, ಲಾಭ ಹೊಡಿ." ಹಿಂದೆಯೇ ಮುನಿರಾಮಯ್ಯನವರ ಸುತ್ತಿಗೆ ಟಕ್ ಟಕ್. ನಾನು ಶೆಡ್ಡಿನ ಹೊಸಿಲ ಮೇಲೆ ಕೂತು ಹೋಂವರ್ಕ್ ಬರೆಯುತ್ತ ಅದನ್ನು ಕೇಳುತ್ತಿದ್ದೆ. ಮಧ್ಯಾಹ್ನ ಅಲ್ಲೇ ತೂಕಡಿಸುತ್ತಿದ್ದೆ. ಯಾವ ಜೋಗುಳಕ್ಕೂ ನಾನು ಅಷ್ಟು ಬೇಗ ಕಣ್ಣು ಮುಚ್ಚಿದ್ದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

ಇದೆಲ್ಲ ಮುಗಿದದ್ದು ಎರಡು ಸಾವಿರದ ನಾಲ್ಕರಲ್ಲಿ, ಯುಗಾದಿಗೆ ಮುಂಚೆ. ನಾನಾಗ ಒಂಬತ್ತನೇ ಕ್ಲಾಸು. ಅವರೆ ಬಳ್ಳಿ ಅಂಚು ಎಂಬ ಹೊಸ ಡಿಸೈನು ಬಂದಿತ್ತು, ಇನ್ನೂರ ಹದಿನಾರು ಕಾರ್ಡಿನದು. ಬಳ್ಳಿ, ಹೂವು, ಅಲ್ಲಲ್ಲಿ ಒಂದೊಂದು ಕಾಯಿ. ಸೀರೆಯನ್ನು ಮಗುಚಿ ನೇಯುತ್ತಾರೆ, ಬೆನ್ನು ಮೇಲಿರುತ್ತದೆ, ಮುಖ ಕೆಳಗೆ. ಹಾಗಾಗಿ ಹನ್ನೆರಡು ಸೀರೆ ಕೊಯ್ದು ಮಡಿಸುವವರೆಗೂ ಯಾರೂ ನೋಡಿರಲಿಲ್ಲ. ಮಡಿಸುವಾಗ ನೋಡಿದರೆ ಅಂಚಿನುದ್ದಕ್ಕೂ ಅರ್ಧ ಗೇಣಿಗೊಂದು ಗೀರು. ಬಳ್ಳಿ ಪ್ರತಿ ಸಲವೂ ಒಂದೇ ಜಾಗದಲ್ಲಿ ಮುರಿದಿತ್ತು. ನೂರ ಹನ್ನೆರಡನೇ ಕಾರ್ಡು.

ಅಪ್ಪ ಕಾರ್ಡನ್ನು ಬಿಚ್ಚಿಸಿ ಮುನಿರಾಮಯ್ಯನವರ ಕೈಗೆ ಕೊಟ್ಟರು. ಪುಸ್ತಕ ತೆಗೆದು ನೋಡು ಎಂದರು. ಬೈರಮ್ಮ ಆ ಹೊತ್ತು ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದರು. ಮುನಿರಾಮಯ್ಯ ಮೂಲೆಗೆ ಹೋಗಿ ಬಹಳ ಹೊತ್ತು ಪುಸ್ತಕ ನೋಡಿದರು. ಅಷ್ಟರಲ್ಲಿ ಆಕೆಯೂ ಬಂದರು. ಶೆಡ್ಡಿನವರೆಲ್ಲ ಸೇರಿದ್ದರು.

"ಕಾರ್ಡಾ, ಕೂಗಾ?" ಎಂದು ಅಪ್ಪ ಕೇಳಿದರು.

"ಕೂಗು" ಎಂದರು ಮುನಿರಾಮಯ್ಯ.

ಅಷ್ಟೇ. ಬೈರಮ್ಮನ ಬಾಯಿ ಅರೆ ತೆರೆದದ್ದು, ಹಾಗೇ ಮುಚ್ಚಿದ್ದು ನನಗೆ ಕಾಣಿಸಿತು. ನಾಳೆಯಿಂದ ಬರಬೇಡಮ್ಮ ಎಂದು ಅಪ್ಪ ಹೇಳಿದರು. ಅಪ್ಪ ಕೆಟ್ಟವರಲ್ಲ, ಹನ್ನೆರಡು ಸೀರೆಯ ಸಂಕಟ ಅವರ ಬಾಯಲ್ಲಿ ಆ ಮಾತು ಆಡಿಸಿತು. ಆದರೆ ಮಗ್ಗದ ಬೀದಿಯಲ್ಲಿ ಮಾತಿಗೆ ಕಾಲು ಜಾಸ್ತಿ. ಬೈರಮ್ಮನ ಕೂಗು ಸರಿಯಿಲ್ಲ ಎಂಬುದು ಸಂಜೆಯೊಳಗೆ ನಾಲ್ಕು ಬೀದಿ ದಾಟಿತು. ಬೇರೆ ಯಾರೂ ಕರೆಯಲಿಲ್ಲ. ತಿಂಗಳೊಳಗೆ ಆಕೆ ಸಾಸಲಿಗೆ ಹೊರಟುಹೋದರು. ಪುಸ್ತಕ ಮುನಿರಾಮಯ್ಯನವರ ಹತ್ತಿರವೇ ಉಳಿಯಿತು.

ಆಮೇಲೆ ಕಾರ್ಡೇ ಇಲ್ಲದೆ ಕಂಪ್ಯೂಟರಿನಿಂದ ಹೂವು ಬಳ್ಳಿ ಎತ್ತುವ ಎಲೆಕ್ಟ್ರಾನಿಕ್ ಜಕಾರ್ಡ್ ಬಂತು, ಕಾರ್ಡು ಹೊಡೆಯುವವರು ಯಾರಿಗೂ ಬೇಡವಾದರು. ಅಪ್ಪ ಮಗ್ಗ ಮಾರಿದರು, ಶೆಡ್ಡಿಗೆ ಮೊಬೈಲ್ ಕವರಿನ ಗೋಡೌನ್ ಬಂತು. ಮುನಿರಾಮಯ್ಯ ಇಂಡಸ್ಟ್ರಿಯಲ್ ಏರಿಯಾದ ಒಂದು ಗಾರ್ಮೆಂಟ್ಸಿನಲ್ಲಿ ಅಟೆಂಡರ್ ಆಗಿ ಸೇರಿದರು. ಅಲ್ಲಿ ಒಂದು ದಿನ ಟೀ ಕೊಡಲು ಹೋದಾಗ ಕೀರ್ತನ ಎಂಬ ಡೇಟಾ ಎಂಟ್ರಿ ಹುಡುಗಿ ಕಂಪ್ಯೂಟರಿನಲ್ಲಿ ಎಕ್ಸೆಲ್ ತೆರೆದಿದ್ದಳಂತೆ. ಪರದೆ ತುಂಬ ಚೌಕಗಳು. ಇವರು ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟರಂತೆ.

"ಇದು ನಮ್ಮ ಗ್ರಾಫಲ್ವೇನಮ್ಮ" ಎಂದು ಕೇಳಿದ್ದಕ್ಕೆ ಆ ಹುಡುಗಿ ನಕ್ಕು, ಒಂದು ಚೌಕಕ್ಕೆ ಬಣ್ಣ ತುಂಬುವುದು ತೋರಿಸಿದಳು. ಅಲ್ಲಿಂದ ಹಿಡಿದುಕೊಂಡಿತು ಹುಚ್ಚು. ಊಟದ ಬಿಡುವಿನಲ್ಲಿ ಅವಳ ಪಕ್ಕ ಕೂತು ಕಲಿತರು. ಕೆಲಸದಿಂದ ನಿವೃತ್ತರಾದ ಮೇಲೆ ಅಳಿಯನ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಬೆರಳಲ್ಲಿ ಕುಟ್ಟಿ ಕುಟ್ಟಿ, ನಾಲ್ಕು ತಿಂಗಳಲ್ಲಿ ಬೈರಮ್ಮನ ಪುಸ್ತಕದ ಅವರೆ ಬಳ್ಳಿಯನ್ನು ಪೂರ್ತಿ ಎಕ್ಸೆಲ್ಲಿಗೆ ಇಳಿಸಿದ್ದರು. ಆ ಫೈಲೇ ಪೆನ್ ಡ್ರೈವಿನಲ್ಲಿ ನನ್ನ ಅಂಗಡಿಗೆ ಬಂದದ್ದು.

"ಈ ಅಂಕಿಗಳನ್ನ ಓದ್ಕೊಂಡು ಅದೇ ಚೌಕಕ್ಕೆ ಬಣ್ಣ ತುಂಬ್ಬೇಕು. ಸಾಲಿಗೆ ಇನ್ನೂರ ನಲವತ್ತು ಬರ್ಬೇಕು. ಬರ್ಲಿಲ್ಲ ಅಂದ್ರೆ ನಿಂತು ಹೇಳ್ಬೇಕು" ಎಂದರು.

"ಮಾಮ, ಅವರೆ ಬಳ್ಳಿ ಸೀರೆ ಅಮ್ಮನ ಬೀರುವಲ್ಲಿ ಇನ್ನೂ ಇದೆ. ಸ್ಕ್ಯಾನ್ ಮಾಡಿದ್ರೆ ಒಂದು ದಿನದ ಕೆಲಸ" ಎಂದೆ.

"ಸೀರೆ ಬೇಡ. ಪುಸ್ತಕದಿಂದ್ಲೇ ಆಗ್ಬೇಕು."

"ಯಾಕೆ?"

ಅವರು ನೋಟ್‌ಬುಕ್ಕಿನ ಬೆನ್ನು ಸವರುತ್ತ ಕೂತರು. "ಪುಸ್ತಕದಲ್ಲಿ ತಪ್ಪಿದ್ರೆ ಮಿಷನ್ನೇ ಹೇಳ್ಲಿ. ತಪ್ಪಿಲ್ಲ ಅಂದ್ರೆ ನಾನು ಸಾಸಲಿಗೆ ಹೋಗ್ಬೇಕಾಗುತ್ತೆ."

ನನಗೆ ಅರ್ಥವಾಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇಪ್ಪತ್ತೊಂದು ವರ್ಷದ ಮೇಲೆ ನೆಲ ಅಳೆಯಲು ಹೊರಟಿದ್ದಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಒಪ್ಪಿಕೊಂಡೆ. ಆಕೆಯನ್ನು ಹೊರಗೆ ಕಳಿಸಿದ್ದು ನಮ್ಮ ಶೆಡ್ಡು, ನಮ್ಮಪ್ಪನ ಬಾಯಿ. ಆ ಸಾಲಿನಲ್ಲಿ ನಿಜವಾಗಿ ಏನಿತ್ತು ಎಂದು ನನಗೂ ಗೊತ್ತಾಗಬೇಕಿತ್ತು.

ನಾಲ್ಕು ದಿನ ಕೂತು ಮ್ಯಾಕ್ರೋ ಬರೆದೆ. ಹೆಚ್ಚು ಕಡಿಮೆ ಇಂಟರ್ನೆಟ್ಟಿನಿಂದ ಎತ್ತಿದ್ದು, ಸುಳ್ಳು ಯಾಕೆ ಹೇಳಲಿ. ಐದನೇ ದಿನ ಮುನಿರಾಮಯ್ಯ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಬಂದರು. ರನ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ತಪ್ಪು ಹೇಳುವ ಡಬ್ಬಿಯೊಂದು ಬಂತು. ಎರರ್ ಒಂಬತ್ತು, ಸಬ್‌ಸ್ಕ್ರಿಪ್ಟ್ ಔಟ್ ಆಫ್ ರೇಂಜ್. ಡೀಬಗ್ ಒತ್ತಿದರೆ ಒಂದು ಸಾಲು ಪೂರ್ತಿ ಹಳದಿ.

"ಅರಿಶಿನ ಬಂತು, ಶುಭ" ಎಂದರು ಅವರು.

"ಶುಭ ಅಲ್ಲ ಮಾಮ, ಇದು ತಪ್ಪು."

"ಯಾವ ಸಾಲಲ್ಲಿ?" ಅವರು ಕುರ್ಚಿಯಿಂದ ಅರ್ಧ ಎದ್ದಿದ್ದರು.

ಅವರ ಪುಸ್ತಕದ ಯಾವ ಸಾಲೂ ಅಲ್ಲ. ಪ್ರೋಗ್ರಾಮಿಗೆ ಹಾಳೆಯೇ ಸಿಕ್ಕಿರಲಿಲ್ಲ. ಶೀಟ್ ಒಂದು ಎಂಬ ಹೆಸರಿನ ಹಾಳೆಯನ್ನು ತೆಗೆ ಎಂದು ನಾನು ಬರೆದಿದ್ದೆ. ಇವರು ಮನೆಯಲ್ಲಿ ಕೂತು ಆ ಹೆಸರು ಅಳಿಸಿ, ಇಂಗ್ಲಿಷ್ ಅಕ್ಷರದಲ್ಲಿ ಶ್ರೀ ಘಾಟಿ ಸುಬ್ರಹ್ಮಣ್ಯ ಪ್ರಸನ್ನ ಎಂದು ಮಾಡಿದ್ದರು. ಹಾಳೆಯ ಹೆಸರು ಮೂವತ್ತೊಂದು ಅಕ್ಷರ ಮೀರಬಾರದು, ದೇವರು ಇಪ್ಪತ್ತೊಂಬತ್ತಕ್ಕೇ ಹಿಡಿಸಿದ್ದ. ಶುರುವಿಗೆ ದೇವರ ಹೆಸರಿಲ್ಲದೆ ಯಾವನಾದರೂ ಲೆಕ್ಕ ಬರೆಯುತ್ತಾನಾ ಎಂದು ಅವರು ನನ್ನನ್ನೇ ಕೇಳಿದರು. ವಾದ ಬೇಡವೆಂದು ನಾನು ಪ್ರೋಗ್ರಾಮಿನಲ್ಲೂ ಅದೇ ಹೆಸರು ಹಾಕಿದೆ.

ಮತ್ತೆ ರನ್. ಮೂರು ಸಾಲು ಬಣ್ಣ ತುಂಬಿ ನಾಲ್ಕನೆಯದರಲ್ಲಿ ನಿಂತಿತು. ಈ ಸಲ ಎರರ್ ಹದಿಮೂರು, ಟೈಪ್ ಮಿಸ್‌ಮ್ಯಾಚ್. ಅಂಕಿ ಇರಬೇಕಾದ ಜಾಗದಲ್ಲಿ ಅಂಕಿ ಇಲ್ಲ ಎಂದು ಅರ್ಥ. ನೋಡಿದರೆ ಆ ಚೌಕದಲ್ಲಿ ಇಂಗ್ಲಿಷಿನ ಎಲ್ ಮತ್ತು ಎ ಕೂತಿದ್ದವು. ಕೆಳಗೆ ಹುಡುಕಿದರೆ ಅಂಥವು ಒಂದಲ್ಲ ಎರಡಲ್ಲ, ಸಾವಿರದ ಮೇಲೆ.

"ಏನ್ ಮಾಮ ಇದು, ಲಾ?"

"ಲಾಭ. ಬೈರಮ್ಮ ಒಂದು ಅಂತ ಬರೀತಿರ್ಲಿಲ್ವಲ್ಲ. ಪುಸ್ತಕದಲ್ಲಿ ಹೆಂಗಿದ್ಯೋ ಹಂಗೇ ಹೊಡ್ದಿದೀನಿ."

ಬೈರಮ್ಮನ ಕೂಗಿನ ಲಾಭ ಎಲ್ಲಿಂದ ಬಂತೆಂದು ನನಗೆ ಗೊತ್ತಾದದ್ದು ಆವತ್ತೇ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಸಾಸಲಿನ ಕಣದಲ್ಲಿ ಅಳೆದು ಬೆಳೆದ ಹೆಂಗಸು ಆ ಲೆಕ್ಕವನ್ನೇ ಮಗ್ಗದ ಶೆಡ್ಡಿಗೂ ತಂದಿದ್ದರು. ಕಣದಲ್ಲಿ ಮೊದಲ ಸೇರಿಗೆ ಮಾತ್ರ ಆ ಮರ್ಯಾದೆ, ಈಕೆ ಒಂದು ಬಂದ ಕಡೆಯೆಲ್ಲ ಕೊಟ್ಟಿದ್ದರು. ಒಂದು ಅನ್ನೋದು ಒಂಟಿ ಲೆಕ್ಕ, ಬಾಯಲ್ಲಿ ಬರಬಾರದು ಎನ್ನುತ್ತಿದ್ದರಂತೆ. ಚಿಕ್ಕವಳಿದ್ದಾಗ ನಾನು ಅದನ್ನು ಮಗ್ಗದ ಭಾಷೆ ಎಂದುಕೊಂಡಿದ್ದೆ.

ಎಲ್ಲವನ್ನೂ ಒಂದೇ ಏಟಿಗೆ ಹುಡುಕಿ ಬದಲಿಸಬಹುದಿತ್ತು. ಮೌಸ್ ಮೇಲೆ ಕೈ ಇಟ್ಟೆ, ಮನಸ್ಸು ಬರಲಿಲ್ಲ. ಪ್ರೋಗ್ರಾಮಿಗೇ ಒಂದು ಮಾತು ಸೇರಿಸಿದೆ. ಚೌಕದಲ್ಲಿ ಲಾ ಎಂದಿದ್ದರೆ ಅದನ್ನು ಒಂದು ಎಂದು ತಿಳಿ. ಇಡೀ ಪ್ರೋಗ್ರಾಮಿನಲ್ಲಿ ನಾನೇ ಸ್ವಂತವಾಗಿ ಬರೆದ ಸಾಲು ಬಹುಶಃ ಅದೊಂದೇ, ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಮಾರನೇ ದಿನ ಐವತ್ತೇಳನೇ ಸಾಲಿನವರೆಗೆ ಓಡಿ ನಿಂತಿತು. ಈ ಸಲ ನಾನೇ ಹಾಕಿದ್ದ ಎಚ್ಚರಿಕೆ. ಮೊತ್ತ ಇನ್ನೂರ ನಲವತ್ತೊಂದು. ಮುನಿರಾಮಯ್ಯನವರ ಮುಖ ನೋಡಬೇಕಿತ್ತು. "ನೋಡ್ದಾ, ನೋಡ್ದಾ, ಒಂದು ಜಾಸ್ತಿ. ಪುಸ್ತಕದಲ್ಲಿ ತಪ್ಪಿತ್ತು" ಎಂದು ನೋಟ್‌ಬುಕ್ಕಿನ ಹಾಳೆ ಮಗುಚತೊಡಗಿದರು. ಪುಸ್ತಕದಲ್ಲಿ ಹನ್ನೊಂದು ಇತ್ತು, ಇವರು ಹನ್ನೆರಡು ಕುಟ್ಟಿದ್ದರು. ತಪ್ಪು ಇವರದೇ. ಒಂದು ಬೆರಳಲ್ಲಿ ಕುಟ್ಟಿ ತಿದ್ದಿದರು.

ಹೀಗೆ ಮೂರ್ನಾಲ್ಕು ವಾರ. ಒಂದು ಸಲ ಚೌಕದಲ್ಲಿ ಖಾಲಿ ಜಾಗ ಹೊಡೆದಿದ್ದಕ್ಕೆ ನಿಂತಿತು, ಒಂದು ಸಲ ನನ್ನ ತಪ್ಪಿನಿಂದ ಲೂಪು ಮುಗಿಯದೆ ಕಂಪ್ಯೂಟರೇ ಮಂಕಾಗಿ ಕೂತಿತು. ಪ್ರತಿ ಸಲ ಡಬ್ಬಿ ಬಂದಾಗಲೂ ಅವರದು ಒಂದೇ ಪ್ರಶ್ನೆ, ಯಾವ ಸಾಲಲ್ಲಿ. ಎಪ್ಪತ್ಮೂರು ಎಂದರೆ ಹೌದಾ ಎನ್ನುವರು, ತೊಂಬತ್ತು ಎಂದರೆ ಹೌದಾ ಎನ್ನುವರು. ನಿಂತ ಕಡೆಯೆಲ್ಲ ಪುಸ್ತಕ ಸರಿ ಇತ್ತು, ಟೈಪು ತಪ್ಪಿತ್ತು. ಬೈರಮ್ಮನ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಒಂದೇ ಒಂದು ಲೆಕ್ಕ ಜಾರಿರಲಿಲ್ಲ.

ಫೆಬ್ರವರಿ ಕೊನೆಯ ಒಂದು ಬೆಳಗ್ಗೆ ರನ್ ಒತ್ತಿದೆ. ನೂರು ದಾಟಿತು. ನೂರ ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ನಿಲ್ಲಲಿಲ್ಲ. ಪರದೆಯ ಮೇಲೆ ಬಳ್ಳಿ ಮೇಲಿಂದ ಕೆಳಕ್ಕೆ ಇಳಿಯುತ್ತ ಹೋಯಿತು. ಹೂವು ಬಿಟ್ಟಿತು, ಕಾಯಿ ಕಟ್ಟಿತು, ಎಲ್ಲೂ ಮುರಿಯಲಿಲ್ಲ. ಇನ್ನೂರ ಹದಿನಾರಕ್ಕೆ ಮುಗಿಯಿತು ಎಂಬ ಡಬ್ಬಿ ಬಂತು. ನನಗೆ ಕಣ್ಣು ತುಂಬಿಕೊಂಡಿತು. ಶೆಡ್ಡು, ಸದ್ದು, ಹೊಸಿಲು, ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಆ ದಿನಗಳು ಮತ್ತೆ ಬೇಕು ಎಂದು ಎಷ್ಟು ಆಸೆಯಾಯಿತೆಂದರೆ, ಗಿರಾಕಿಯೊಬ್ಬ ಪಹಣಿ ಹಿಡಿದು ನಿಂತದ್ದೂ ಕಾಣಲಿಲ್ಲ.

"ನೂರ ಹನ್ನೆರಡು ತೋರ್ಸು" ಎಂದರು ಮುನಿರಾಮಯ್ಯ. ತೋರಿಸಿದೆ. ಇನ್ನೂರ ನಲವತ್ತು.

"ಅದನ್ನೇನಾದ್ರೂ ತಪ್ಪು ಹೊಡ್ದಿದೀನಾ ನೋಡು." ಅವರು ಪುಸ್ತಕ ನೋಡಿ ಓದಿದರು, ನಾನು ಪರದೆಯ ಅಂಕಿಗೆ ಹೋಲಿಸಿದೆ. ಒಂದಂಕಿಯೂ ಆಚೆ ಈಚೆ ಇರಲಿಲ್ಲ.

ಪುಸ್ತಕ ಮುಚ್ಚಿ ಕಂಕುಳಲ್ಲಿಟ್ಟುಕೊಂಡರು. ಆಮೇಲೆ, "ಬಣ್ಣದಲ್ಲಿ ಪ್ರಿಂಟ್ ತೆಗಿ. ದೊಡ್ಡದು. ನಾಳೆ ನೀನೂ ಬಾ" ಎಂದರು. ಅಂಗಡಿ ಬಿಟ್ಟು ಬರಲಾಗದು ಎಂದು ಹೇಳಬೇಕೆಂದಿದ್ದೆ. ಅವರ ಮುಖ ನೋಡಿ ಹೇಳಲಿಲ್ಲ.

ಸಾಸಲಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಪ್ರಿಂಟಿನ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬೈರಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಶೀಟ್ ಹೊದಿಸಿದ ಎರಡು ಕೋಣೆಯ ಮನೆ, ಮುಂದೆ ಜಗಲಿ. ಆಕೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಮುನಿರಾಮಯ್ಯನವರನ್ನು ನೋಡಿದ ಕೂಡಲೇ ಗುರುತಿಸಿದರು.

"ಬಾ ಮುನಿರಾಮಣ್ಣ. ಕೂತ್ಕೊ" ಎಂದರು. ಅಷ್ಟೇ. ಯಾಕೆ ಬಂದಿರಿ ಎಂದು ಕೇಳಲಿಲ್ಲ.

ನೀರು ಕುಡಿದ ಮೇಲೆ ನಾನು ಪ್ರಿಂಟ್ ಬಿಡಿಸಿದೆ. ಆಕೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಬೆರಳ ತುದಿಯಲ್ಲಿ ಬಳ್ಳಿಯನ್ನು ಹಿಡಿದು ಕೆಳಗಿನವರೆಗೂ ಹೋದರು.

"ಅವರೆ ಬಳ್ಳಿ" ಎಂದರು. "ಎಷ್ಟು ಚೆನ್ನಾಗಿ ಬಂದೈತೆ. ಎಲ್ಲೂ ಕಿತ್ಕೊಂಡಿಲ್ಲ."

"ನಿಮ್ಮ ಪುಸ್ತಕದಿಂದಾನೇ ಬಂದಿದ್ದು ಬೈರಮ್ಮ" ಎಂದೆ ನಾನು.

"ನಿನ್ ಕೂಗು ಸರಿಯಾಗಿತ್ತು" ಎಂದರು ಮುನಿರಾಮಯ್ಯ. ತಲೆ ಎತ್ತಿರಲಿಲ್ಲ. "ಕಂಪ್ಯೂಟರಲ್ಲಿ ಹಾಕಿ ನೋಡಿದ್ವಿ. ಐದು ಬಿಡು ಅಂತ ನೀನು ಕೂಗಿದ್ದೆ. ಮೂರೇ ಬಿಟ್ಟಿದ್ದು ನಾನು."

ಆಕೆ ಪ್ರಿಂಟನ್ನು ನಿಧಾನಕ್ಕೆ ಸುತ್ತತೊಡಗಿದರು. "ಅದನ್ನ ತಿಳ್ಕೊಳ್ಳೋಕೆ ಕಂಪ್ಯೂಟರ್ ಬೇಕಾಗಿತ್ತಾ ಮುನಿರಾಮಣ್ಣ? ಪುಸ್ತಕ ನಿನ್ನ ಹತ್ರಾನೇ ಇತ್ತು. ಒಂದ್ ಸಾಲು. ಕೂಡಿದ್ರೆ ಆಗ್ತಿರ್ಲಿಲ್ವಾ?"

ಜಗಲಿಯ ಕೆಳಗೆ ಕೋಳಿಯೊಂದು ಕೆದಕುತ್ತಿತ್ತು. ಮುನಿರಾಮಯ್ಯ ಅದನ್ನೇ ನೋಡುತ್ತಿದ್ದರು.

"ಕೂಡಿದ್ದೆ" ಎಂದರು.

"ಯಾವಾಗ?"

"ಆವತ್ತೇ. ನೀನು ನಲ್ಲಿ ಹತ್ರ ಇದ್ಯಲ್ಲ, ಆವಾಗ. ಮೂರು ಸಲ ಕೂಡಿದೆ. ಮೂರು ಸಲವೂ ಇನ್ನೂರ ನಲವತ್ತೇ ಬಂತು. ಆಮೇಲೆ ಗೋಪಾಲಪ್ಪ ಕೇಳಿದ್ರು. ತೂತು ತಪ್ಪದ ಮುನಿರಾಮಯ್ಯ ಅಂತ ಬೀದಿ ಎಲ್ಲ ಕರೀತಿದ್ರಲ್ಲ. ಬಾಯಿಗೆ ಬರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಒಂದು ತಿಂಗಳು ನನ್ನನ್ನು ಕೂರಿಸಿಕೊಂಡು ಡಬ್ಬಿ ಬಂದಾಗಲೆಲ್ಲ ಯಾವ ಸಾಲು ಯಾವ ಸಾಲು ಎಂದು ಕೇಳುತ್ತಿದ್ದದ್ದು ಇದಕ್ಕೆ. ಗೊತ್ತಿದ್ದ ಉತ್ತರವನ್ನು ಮಿಷನ್ನಾದರೂ ಸುಳ್ಳು ಮಾಡಲಿ ಎಂದು ಕಾದಿದ್ದರು. ಬಸ್ಸಿಗೆ ಒಬ್ಬರೇ ವಾಪಸ್ ಹೋಗಲಿ ಎನ್ನಿಸಿತು. ಆದರೆ ಇನ್ನೊಂದೂ ಹೊಳೆಯಿತು. ಆ ಒಂದು ಸಾಲಿನಲ್ಲಿ ಐದರ ಬದಲು ಮೂರು ಕುಟ್ಟಿದ್ದರೆ ಆ ಪುಸ್ತಕ ಓದಲು ಬರದ ನನಗೆ ಗೊತ್ತಾಗುತ್ತಿರಲಿಲ್ಲ, ಪ್ರೋಗ್ರಾಮು ನಿಲ್ಲುತ್ತಿತ್ತು, ಸಾಸಲಿಗೆ ಬರಬೇಕಾಗಿರಲಿಲ್ಲ. ನಾಲ್ಕು ತಿಂಗಳು ಒಬ್ಬರೇ ಕೂತಿದ್ದರೂ ಅದನ್ನು ಅವರು ಮಾಡಿರಲಿಲ್ಲ.

"ಇದನ್ನ ಹೇಳೋಕೆ ಈ ಮಗೂನ ಯಾಕೆ ಕರ್ಕೊಂಡು ಬಂದೆ?" ಎಂದು ಬೈರಮ್ಮ ಕೇಳಿದರು.

"ಒಬ್ನೇ ಎರಡು ಸಲ ಬಂದಿದ್ದೆ. ಬಸ್ ಸ್ಟ್ಯಾಂಡಿಂದ್ಲೇ ವಾಪಸ್ ಹೋದೆ."

ಆಕೆ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು. ಎರಡು ಬೀಜ ತೆಗೆದರು. ದನಿ ಏರಿಸಲಿಲ್ಲ, ಅಳಲಿಲ್ಲ. ಬೈದಿದ್ದರೆ ಮುನಿರಾಮಯ್ಯನವರಿಗೂ ಸುಲಭವಾಗುತ್ತಿತ್ತು, ನನಗೂ.

"ನೀನು ಹೇಳಿದ್ಮೇಲೆ ನಿಜಾನೇ ಇರ್ಬೇಕು ಅಂದ್ಕೊಂಡೆ ಮುನಿರಾಮಣ್ಣ. ನೀನು ತಪ್ಪೋನಲ್ವಲ್ಲ. ನನ್ ಕಣ್ಣೋ ನಾಲಿಗೆನೋ ಕೆಟ್ಟೋಯ್ತು ಅಂದ್ಕೊಂಡೆ. ಇಲ್ಲಿಗೆ ಬಂದ್ಮೇಲೆ ಅಂಗನವಾಡೀಲಿ ಸಹಾಯಕಿ ಕೆಲ್ಸ ಕೊಡ್ತೀನಿ ಅಂದ್ರು. ಮಕ್ಕಳ ಲೆಕ್ಕ ಬರೀಬೇಕು ಅಂದ್ರಲ್ಲ, ಬೇಡ ಅಂದ್ಬಿಟ್ಟೆ. ಡೈರಿಗೆ ಹಾಲು ಹಾಕಿದ್ರೂ ಚೀಟಿ ಎರಡು ಸಲ ನೋಡ್ತೀನಿ. ಮೊಟ್ಟೆ ಎಣಿಸಿದ್ರೂ ಎರಡು ಸಲ. ಇವತ್ತಿಗೂ ಏನ್ ಎಣಿಸಿದ್ರೂ ಎರಡು ಸಲ ಎಣಿಸ್ತೀನಿ ಕಣಣ್ಣ."

ಮುನಿರಾಮಯ್ಯ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ತಪ್ಪಾಯಿತು ಎಂದರೋ ಏನೋ, ನನಗೆ ಸರಿಯಾಗಿ ಕೇಳಿಸಲಿಲ್ಲ. ಆಕೆ ಸಮಾಧಾನ ಹೇಳಲಿಲ್ಲ. ಹೇಳಬೇಕೆಂದು ನನಗೂ ಅನ್ನಿಸಲಿಲ್ಲ.

ಆಕೆ ಕೈ ಒರೆಸಿಕೊಂಡು ಚಾಚಿದರು. "ಪುಸ್ತಕ ತಂದಿದೀಯಾ?"

ಅವರು ಚೀಲದಿಂದ ನೋಟ್‌ಬುಕ್ ತೆಗೆ‌ದು ಕೊಟ್ಟರು. ಬೈರಮ್ಮ ಒಳಗೆ ಹೋಗಿ ಕನ್ನಡಕ ತಂದರು. ಹಾಳೆ ಮಗುಚಿ ನೂರ ಹನ್ನೆರಡನೇ ಸಾಲು ಹುಡುಕಿದರು. ಆಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಒಂದೊಂದೇ ಅಂಕಿ ಕೂಡುತ್ತ ಹೋದರು. ಸಾಲಿನ ಕೊನೆಗೆ ಬೆರಳು ನಿಂತಿತು.

"ಇನ್ನೂರ ನಲವತ್ತು" ಎಂದರು.

ಪುಸ್ತಕ ಮುಚ್ಚಿದರು. ಎರಡನೇ ಸಲ ಎಣಿಸಲಿಲ್ಲ.